ಒದ್ದೆ ಪಂಚೆಯ ಒಪ್ಪಂದ

ಹೊನ್ನೆಹೊಳೆಯ ಎರಡು ದಡದವರೂ ಹನ್ನೆರಡು ವರ್ಷ ಯುದ್ಧ ಮಾಡಿದರು.

ಎಂಥ ಯುದ್ಧವೆಂದರೆ, ಕಹಳೆ ಊದುವವನ ಕೆನ್ನೆ ಊದಿದ್ದು ಊದಿದ ಹಾಗೇ ಉಳಿದುಬಿಟ್ಟು, ಮನೆಗೆ ಹೋದರೆ ಹೆಂಡತಿಯೇ ಯಾರಪ್ಪಾ ನೀನು ಎಂದು ಕೇಳಿದ್ದಳು. ಹೊಳೆಯ ಮೀನುಗಳು ಕೂಡ ತೆಂಕಣ ಮೀನು, ಬಡಗಣ ಮೀನು ಎಂದು ಎರಡು ಪಾಲಾಗಿ, ನಡುನೀರಿನಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವು. ಸುಳ್ಳೆನ್ನುವವರು ಮೀನನ್ನೇ ಕೇಳಬಹುದು.

ಹದಿಮೂರನೆಯ ವರ್ಷ ಇಬ್ಬರು ಅರಸರಿಗೂ ಸಾಕಾಯಿತು. ಮಂತ್ರಿಗಳು ಕೂತು ಒಪ್ಪಂದದ ಓಲೆ ಬರೆದರು. ಆದರೆ ಇವರ ಮಾತನ್ನು ಅವರು ನಂಬುವುದಿಲ್ಲ, ಅವರ ಮಾತನ್ನು ಇವರು ನಂಬುವುದಿಲ್ಲ.

ಎರಡೂ ಕಡೆಯವರು ನಂಬುತ್ತಿದ್ದುದು ಒಬ್ಬನನ್ನೇ. ನಡುಗಡ್ಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಹೊಳೆಯಜ್ಜನನ್ನು.

ಅಜ್ಜ ಓಲೆ ಕೇಳಿ ಸರಿ ಎಂದರೆ ಯುದ್ಧ ಮುಗಿಯಿತು. ಸರಿಯಲ್ಲ ಎಂದರೆ ಮಧ್ಯಾಹ್ನಕ್ಕೆ ಮತ್ತೆ ಕಹಳೆ. ಹಾಗೆಂದು ಎರಡು ಸೇನೆಗಳೂ ಆಣೆ ಮಾಡಿ, ಎರಡು ದಡಗಳಲ್ಲಿ ಕಾದು ನಿಂತವು.

ಓಲೆ ಒಯ್ಯುವ ಕೆಲಸ ಅಜ್ಜನ ಶಿಷ್ಯ ಬೂಚಣ್ಣನ ಪಾಲಿಗೆ ಬಂತು.

ಬೂಚಣ್ಣ ಮೊದಲು ತೆಂಕಣ ಸೇನೆಯಲ್ಲಿ ಈಟಿ ಹಿಡಿದವನು. ತಾನು ಎಸೆದ ಒಂದು ಈಟಿ ಇನ್ನೂ ನೆಲಕ್ಕೆ ಬಿದ್ದಿಲ್ಲ, ಮೇಲೆಲ್ಲೋ ಹಾರುತ್ತಲೇ ಇದೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅಣ್ಣ ಕಾಳಯ್ಯ ಹುಲ್ಲುಗುಡ್ಡದ ಕಾಳಗದಲ್ಲಿ ಸತ್ತ ಮೇಲೆ ಮಾತ್ರ ಆ ಈಟಿಯ ಸುದ್ದಿ ಎತ್ತಲಿಲ್ಲ. ಗುಡ್ಡದ ನೆತ್ತಿಯಲ್ಲಿ ಅಣ್ಣನಿಗೊಂದು ವೀರಗಲ್ಲು ನಿಲ್ಲಿಸಿ, ಈಟಿ ಬಿಟ್ಟು, ಅಜ್ಜನ ಗುಡಿಸಲಿಗೆ ಬಂದಿದ್ದ. ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಕಲ್ಲಿಗೆ ಎಣ್ಣೆ ಹಚ್ಚಿ ಬರುತ್ತಿದ್ದ.

ದೋಣಿಯಲ್ಲೇ ಓಲೆ ಬಿಚ್ಚಿ ಓದಿಕೊಂಡ. ಕಾಲ ಕೆಳಗಿನ ನೀರು ಒಣಗಿದ ಹಾಗಾಯಿತು.

ಹುಲ್ಲುಗುಡ್ಡ ಬಡಗಣದವರಿಗೆ. ಅದಕ್ಕೆ ಬದಲಾಗಿ ಬಡಗಣದವರ ಮೀನ್ಕೆರೆ ಎಂಬ ಊರು ತೆಂಕಣದವರಿಗೆ.

ಅಜ್ಜ ನೀರಿನಂಚಿನ ಬಂಡೆಯ ಮೇಲೆ ಪಂಚೆ ಒಗೆಯುತ್ತಿದ್ದ. ಬೂಚಣ್ಣ ಅವನ ಪಕ್ಕ ಹೋಗಿ ನಿಂತು ಓಲೆಯನ್ನು ಓದಿದ. ಗುಡ್ಡದ ಸಾಲು ಬಂದಾಗ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅದೇ ಸಾಲನ್ನು ಇನ್ನೊಮ್ಮೆ, ಗಟ್ಟಿಯಾಗಿ ಓದಿದ.

“ಗುರುಗಳೇ, ಇದು ಸರಿಯೇ?”

ಅಜ್ಜ ಪಂಚೆ ಎಳೆದ.

ಬೂಚಣ್ಣ ತನ್ನ ಸಂಕಟವನ್ನೆಲ್ಲ ತೋಡಿಕೊಂಡ. ಆ ಗುಡ್ಡಕ್ಕಾಗಿ ತಮ್ಮವರು ಮುನ್ನೂರು ಜನ ಸತ್ತಿದ್ದಾರೆ. ಅದನ್ನು ಕೊಟ್ಟು ಒಂದು ಮೀನು ನಾರುವ ಊರು ತೆಗೆದುಕೊಳ್ಳುವುದೇ. ಅಣ್ಣನ ಕಲ್ಲು ಶತ್ರುವಿನ ನೆಲದಲ್ಲಿ ಒಣಗಬೇಕೇ. ಅಜ್ಜ ಇನ್ನೊಮ್ಮೆ ಪಂಚೆ ಎಳೆದ.

“ಒಂದು ಮಾತು ಹೇಳಿ ಗುರುಗಳೇ. ಸರಿಯೋ, ಅಲ್ಲವೋ?”

ಅಜ್ಜ ತಲೆ ಎತ್ತಿ ನೋಡಿ ಹೇಳಿದ:

“ಸರಿ.”

ಬೂಚಣ್ಣ ಇನ್ನೊಂದು ಮಾತು ಕೇಳುವ ಮನಸ್ಸೂ ಆಗದೆ, ತಿರುಗಿ ದೋಣಿ ಹತ್ತಿದ.

ನಡುಹೊಳೆಗೆ ಬರುವಷ್ಟರಲ್ಲಿ ಅವನ ಬಾಯಲ್ಲಿ ಎರಡು ಮಾತುಗಳಿದ್ದವು. ಗುರು ಹೇಳಿದ ಮಾತೊಂದು, ಅಣ್ಣನ ಪರವಾಗಿ ಹೇಳಬೇಕಾದ ಮಾತೊಂದು. ಕೇಳಿಸಿಕೊಂಡವನು ತಾನೊಬ್ಬನೇ. ಸರಿಯಲ್ಲ ಎಂದು ಕೂಗಿದರೆ ಯಾರೂ ಬಂದು ವಿಚಾರಿಸುವುದಿಲ್ಲ, ವಿಚಾರಿಸಲು ಪುರುಸೊತ್ತೂ ಇರುವುದಿಲ್ಲ.

ಈ ದಡ ನೋಡಿದ. ಆ ದಡ ನೋಡಿದ. ಎರಡೂ ಕಡೆ ಸೊಂಟದವರೆಗೆ ನೀರಿಗಿಳಿದು ನಿಂತಿದ್ದರು. ಕಹಳೆಯವನು ಕಹಳೆಯನ್ನು ತುಟಿಯ ಹತ್ತಿರ ಹಿಡಿದುಕೊಂಡು ಕಾಯುತ್ತಿದ್ದ.

ಬೂಚಣ್ಣ ಕಣ್ಣು ಮುಚ್ಚಿಕೊಂಡು ಕೂಗಿದ. “ಸರಿ ಅಂದರು.”

ಮೊದಲು ಏನೂ ಆಗಲಿಲ್ಲ.

ಆಮೇಲೆ ಎರಡು ದಡದ ನಲವತ್ತು ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟರು. ಹನ್ನೆರಡು ವರ್ಷ ಹಿಡಿದಿಟ್ಟ ಉಸಿರು. ಆ ಗಾಳಿಗೆ ಬೂಚಣ್ಣನ ದೋಣಿ ಹುಟ್ಟು ಹಾಕದೆಯೇ ತಿರುಗಿ, ನೀರು ಸೀಳಿಕೊಂಡು, ಸೀದಾ ನಡುಗಡ್ಡೆಗೆ ಬಂದು ನಿಂತಿತು. ಕಹಳೆಯವನ ಕೆನ್ನೆ ಅವತ್ತೇ ಇಳಿಯಿತು.

ದೂರದಲ್ಲೆಲ್ಲೋ ಒಂದು ಈಟಿ ನೆಲಕ್ಕೆ ಬಿದ್ದ ಸದ್ದಾಯಿತು. ತನ್ನದೇ ಇರಬೇಕು ಅಂದುಕೊಂಡ ಬೂಚಣ್ಣ.

ಅಜ್ಜ ಅದೇ ಪಂಚೆಯನ್ನು ಮತ್ತೆ ಒಗೆಯುತ್ತಿದ್ದ.

ಬೂಚಣ್ಣ ಕಾಲಿಗೆ ಬಿದ್ದು, ದಡದಲ್ಲಿ ನಡೆದದ್ದನ್ನೆಲ್ಲ ಹೇಳಿದ. ದೋಣಿಯಲ್ಲಿ ಸುಳ್ಳು ಹೇಳಲು ಹೊರಟಿದ್ದನ್ನೂ ಒಪ್ಪಿಕೊಂಡ. ನೀವು ಸರಿ ಅಂದಿದ್ದಕ್ಕೆ ಇಷ್ಟು ಜನ ಉಳಿದರು ಎಂದ.

“ನಾನು ಯಾವುದಕ್ಕೆ ಸರಿ ಅಂದೆ?” ಎಂದು ಅಜ್ಜ ಕೇಳಿದ.

“ಒಪ್ಪಂದಕ್ಕೆ.”

ಅಜ್ಜ ಪಂಚೆಯ ತುದಿ ಬಿಡಿಸಿ ತೋರಿಸಿದ. ಬಿಳಿ ಬಟ್ಟೆಯ ಮೇಲೆ ಕೆಸರಿನ ಒಂದು ಪಾದ ಐದು ಬೆರಳಿನ ಸಮೇತ ಮೂಡಿತ್ತು. ಹೆಬ್ಬೆರಳು ಅಗಲವಾಗಿತ್ತು. ಬೂಚಣ್ಣ ತನ್ನ ಹೆಬ್ಬೆರಳು ನೋಡಿಕೊಂಡ.

“ನೀನು ನನ್ನ ಪಂಚೆ ಮೆಟ್ಟಿಕೊಂಡು ನಿಂತಿದ್ದೆ. ನಾನು ಎರಡು ಸಲ ಎಳೆದೆ. ನಿನಗೆ ಗೊತ್ತಾಗಲಿಲ್ಲ. ಆಚೆ ಹೋಗಲಿ ಅಂತ ಸರಿ ಅಂದೆ.”

ಬೂಚಣ್ಣ ಬಂಡೆಯ ಮೇಲೆ ಕುಸಿದು ಕೂತ. ನಲವತ್ತು ಸಾವಿರ ಜನರ ಯುದ್ಧ ಒಂದು ಪಂಚೆಯ ತುದಿಯಿಂದ ನಿಂತುಹೋಗಿತ್ತು.

“ಹಾಗಾದರೆ ಒಪ್ಪಂದ ಸರಿಯಿಲ್ಲವೇ ಗುರುಗಳೇ?”

“ನಿನ್ನ ಅಣ್ಣ ಸತ್ತ ಗುಡ್ಡ ಅವರಿಗೆ ಹೋಯಿತು. ಹೇಗೆ ಸರಿಯಾಗುತ್ತದೆ?”

“ಮತ್ತೆ...”

“ಯಾರೋ ಹುಟ್ಟಿ ಬೆಳೆದ ಊರು ನಿಮಗೆ ಬಂತು. ಅದಾದರೂ ಹೇಗೆ ಸರಿ?” ಅಜ್ಜ ಪಂಚೆ ಹಿಂಡಿದ. “ದೋಣಿ ಇಲ್ಲೇ ಇದೆ. ಮಧ್ಯಾಹ್ನ ಇನ್ನೂ ಆಗಿಲ್ಲ. ಹೋಗಿ, ತಪ್ಪು ಕೇಳಿಸಿಕೊಂಡೆ ಅಂತ ಹೇಳಿ ಬಾ.”

ಬೂಚಣ್ಣ ಎದ್ದ. ದೋಣಿಯ ಹಗ್ಗ ಬಿಚ್ಚಿದ.

ತೆಂಕಣ ದಡದಿಂದ ಒಗ್ಗರಣೆಯ ವಾಸನೆ ಬಂತು. ಬಡಗಣ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತ, ರಾಗ ತಪ್ಪಿ, ಪದ ಹೇಳುತ್ತಿದ್ದರು. ಅಷ್ಟು ಕೆಟ್ಟ ಹಾಡನ್ನು ಬೂಚಣ್ಣ ಹನ್ನೆರಡು ವರ್ಷದಿಂದ ಕೇಳಿರಲಿಲ್ಲ. ಕೊನೆಯವರೆಗೂ ನಿಂತು ಕೇಳಿದ.

ಆಮೇಲೆ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ. ಒಂದು ಗಂಟು ಸಾಲದೆಂದು ಎರಡು ಗಂಟು ಹಾಕಿ, ಬಂದು ಬಂಡೆಯ ನಟ್ಟನಡುವೆ ಕೂತುಕೊಂಡ.

ಅಷ್ಟರಲ್ಲಿ ಬಡಗಣ ದಡದಿಂದ ಒಬ್ಬ ಈಜಿಕೊಂಡು ಬಂದ. ಒದ್ದೆಯಲ್ಲೇ ಅಜ್ಜನಿಗೆ ಕೈಮುಗಿದು, ತಾನು ಸಾತಣ್ಣ, ಮೀನ್ಕೆರೆಯವನು ಎಂದ. ಬೂಚಣ್ಣನ ಕಡೆ ನೋಡಿ, ನಮ್ಮೂರು ಇನ್ನು ನಿಮ್ಮದಂತೆ ಎಂದ. ಕೆರೆಯ ಕೋಡಿಯ ಹತ್ತಿರ ದೊಡ್ಡ ಮೀನುಗಳಿವೆ, ಆದರೆ ತೆಂಕಣದವರ ಕೈಗೆ ಸಿಗುವಷ್ಟು ದಡ್ಡ ಮೀನಲ್ಲ ಎಂದೂ ಹೇಳಿದ.

ನಮ್ಮ ಕೈಗೆ ಊರೇ ಸಿಕ್ಕಿತಲ್ಲ, ಮೀನು ಎಷ್ಟರದು ಎಂದ ಬೂಚಣ್ಣ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

ಸಾತಣ್ಣ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕಣ್ಣಿನ ನೀರನ್ನು ಹೊಳೆಯ ನೀರಿನ ಜೊತೆಗೇ ಒರೆಸಿಕೊಂಡ.

“ನನ್ನನ್ನು ಹುಲ್ಲುಗುಡ್ಡದ ಕಾವಲಿಗೆ ಹಾಕಿದ್ದಾರೆ. ಮೇಲೆ ಒಂದು ವೀರಗಲ್ಲು ಇದೆಯಲ್ಲ, ಅದಕ್ಕೆ ಯಾವ ಎಣ್ಣೆ ಹಚ್ಚುತ್ತೀರಿ? ಎಳ್ಳೆಣ್ಣೆಯೋ, ಹರಳೆಣ್ಣೆಯೋ?”



“ಹರಳೆಣ್ಣೆ,” ಎಂದ ಬೂಚಣ್ಣ. “ಅಣ್ಣನಿಗೆ ಎಳ್ಳೆಣ್ಣೆಯ ವಾಸನೆ ಆಗುತ್ತಿರಲಿಲ್ಲ.”

ಸಾತಣ್ಣ ತಲೆಯಾಡಿಸಿದ. ಮೈಯೆಲ್ಲ ಚಳಿಗೆ ನಡುಗುತ್ತಿತ್ತು. ಅಲ್ಲಿ ಬಿಸಿಲು ಬೀಳುತ್ತಿದ್ದುದು ಆ ಒಂದು ಬಂಡೆಯ ಮೇಲೆ ಮಾತ್ರ, ಅದರ ತುಂಬ ಬೂಚಣ್ಣ ಕೂತಿದ್ದ. ಸಾತಣ್ಣ ನಿಂತಲ್ಲೇ ಅಜ್ಜನ ಕಡೆ ತಿರುಗಿ, ಮೆಲ್ಲಗೆ ಕೇಳಿದ.

“ಅಜ್ಜಾರೇ, ನೀವು ನಿಜವಾಗಲೂ ಸರಿ ಅಂದಿರಾ?”

ಅಜ್ಜ ಪಂಚೆ ಕೊಡವಿ ಹರವಿದ. ಅವನನ್ನು ನೋಡಿದ, ಇವನನ್ನು ನೋಡಿದ.

“ಬೂಚಾ,” ಎಂದ. “ಸರಿ.”