ಹಗ್ಗ ಹಿಡಿದವನು

"ನನ್ನ ಪಾಪವೆಲ್ಲ ತಿಳಿದ ಮೇಲೂ ಪ್ರಭು ನನ್ನನ್ನು ಪ್ರೀತಿಸುತ್ತಾನೆಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಒಂದು ಪಾಪವನ್ನು ಅವನು ಪಾಪನಿವೇದನೆಯಲ್ಲೂ ಹೇಳದೆ ವರ್ಷಗಟ್ಟಲೆ ಬಚ್ಚಿಟ್ಟಿದ್ದ. ಗುರುಗಳು ಅದೇನೆಂದು ಕೇಳಲಿಲ್ಲ. ಕತೆ ಹೇಳಿದರು.

ಬಂಡೆಯ ಹೆಜ್ಜೇನು ಕೀಳುವ ಮಂದಿಯಲ್ಲಿ ಒಂದು ಕಟ್ಟಳೆ. ಕೀಳುವವನು ಹಗ್ಗ ಕಟ್ಟಿಕೊಂಡು ಕೆಳಗಿಳಿದರೆ, ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವಳ ತಾಳಿ ಆ ಹಗ್ಗದಲ್ಲಿದೆ, ಆದ್ದರಿಂದ ಅವನು ಬಿಡುವುದಿಲ್ಲ.

ಜೇನು ಕೀಳುವವನೊಬ್ಬ ಏನೋ ಸಿಟ್ಟಿಗೆ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದ. ಮೂರನೆಯ ದಿನ ಬಂಡೆಗೆ ಹೋದರೆ ಭಾವ ಎಂದಿನಂತೆ ಹಗ್ಗ ತಂದು ಕಾದಿದ್ದ. ಭಾವನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂದುಕೊಂಡ. ಅವಳಿಗೆ ಜ್ವರ, ಮಲಗಿದ್ದಾಳೆ ಎಂದು ಸುಳ್ಳು ಹೇಳಿ, ಭಾವನಿಂದ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹೊಗೆಯಾಡುವ ಪಂಜು ಹಿಡಿದು ಇಳಿದ.

ಅರ್ಧ ಇಳಿದು ತಲೆಯೆತ್ತಿದರೆ ಭಾವನ ಪಕ್ಕದಲ್ಲಿ ಅವಳೇ ನಿಂತಿದ್ದಾಳೆ. ಅವನ ಜೀವ ಬಾಯಿಗೆ ಬಂತು. ಇನ್ನು ಭಾವ ಯಾವ ನಂಟಿಗಾಗಿ ಹಗ್ಗ ಹಿಡಿಯಬೇಕು? ಕೆಳಗೆ ಬರೀ ಕಲ್ಲು. ತಪ್ಪಾಯಿತು, ಅವಳ ಕಾಲು ಹಿಡಿಯುತ್ತೇನೆ ಎಂದು ಅರಚತೊಡಗಿದ. ಹೆಜ್ಜೇನಿನ ಮುಂದೆ ಕೆಮ್ಮಲೂ ಬಾರದೆಂದು ಚಿಕ್ಕಂದಿನಿಂದ ಬಲ್ಲವನು ಅದನ್ನೂ ಮರೆತ.

"ಬಾಯಿ ಮುಚ್ಚು, ಹುಳ ಏಳ್ತವೆ," ಎಂದ ಭಾವ.

ಅಷ್ಟರಲ್ಲಿ ಎದ್ದಾಗಿತ್ತು. ಕೆಳಗಿದ್ದವನ ಸುತ್ತ ಹೊಗೆಯಿತ್ತು. ಹುಳಗಳೆಲ್ಲ ಮೇಲಕ್ಕೆ ನುಗ್ಗಿದವು. ಭಾವ ತಂಗಿಯನ್ನು ದೂರ ಓಡಿಸಿ ಒಬ್ಬನೇ ನಿಂತ. ಹಗ್ಗ ಒಮ್ಮೆ ನಡುಗಿತು. ಕೆಳಗಿದ್ದವನು ಕಣ್ಣು ಮುಚ್ಚಿಕೊಂಡ. ಬೀಳಲಿಲ್ಲ. ಹಗ್ಗ ಗೇಣು ಗೇಣಾಗಿ ಮೇಲೇರಿತು.

ಹತ್ತಿ ಬಂದು ನೋಡಿದರೆ ಭಾವನ ಮುಖ ಗುರುತು ಸಿಗದಷ್ಟು ಊದಿತ್ತು. ಹುಳ ಕೊಡವಿಕೊಳ್ಳಲೂ ಅವನು ಕೈ ಬಿಟ್ಟಿರಲಿಲ್ಲ. ಅಂಗೈಯ ಚರ್ಮ ಕಿತ್ತು ರಕ್ತ ಬರುತ್ತಿತ್ತು.

"ಭಾವ, ಅವಳು ಬಂದು ಎಲ್ಲ ಹೇಳಿದ ಮೇಲೂ ಯಾಕೆ ಹಿಡ್ಕೊಂಡಿದ್ದೆ?"

"ನೀನು ಹೊರಗೆ ಹಾಕಿದ ದಿನವೇ ಅವಳು ನಮ್ಮನೆಗೆ ಬಂದ್ಲು. ತಿರುಗಿ ನಿನ್ನ ಹತ್ರ ಬರೋದು ಬಿಡೋದು ಅವಳಿಷ್ಟ. ನಿನ್ನ ಸೊಂಟಕ್ಕೆ ಹಗ್ಗ ಕಟ್ಟೋವಾಗ್ಲೇ ನಂಗೆ ಎಲ್ಲ ಗೊತ್ತಿತ್ತು."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮಂಡಿಯೂರಿದ. ಬಚ್ಚಿಟ್ಟದ್ದನ್ನು ಈಗಲೇ ಹೇಳಿಬಿಡುತ್ತೇನೆ ಎಂದ.

"ಹೇಳು ಮಗು," ಎಂದರು ಗುರುಗಳು, "ಪ್ರಭುವಿಗೆ ಅದು ಶಿಲುಬೆ ಹೊರುವ ಮೊದಲೇ ಗೊತ್ತಿತ್ತು."