ಹಗ್ಗ ಹಿಡಿದ ಕೈ

ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ಗಿದ್ಯೋನ ಬಟ್ಟೆಗಂಟು ಹಿಡಿದುಕೊಂಡು ಬಂದು ಜ್ಞಾನಪ್ಪ ಅಯ್ಯನವರ ಮುಂದೆ ನಿಂತ. ಹೊಳೆದಂಡೆಯ ಆ ಪುಟ್ಟ ಆಶ್ರಮದಲ್ಲಿ ಅವನು ನಾಲ್ಕು ವರ್ಷದಿಂದ ಅವರ ಶಿಷ್ಯ.

“ನಾನು ಹೊರಟೆ, ಅಯ್ಯನವರೇ.”

“ಎಲಿಷ ಬಂದ ಅಂತಲೋ?”

“ಹೌದು.”

ಎಲಿಷ ಆಶ್ರಮ ಸೇರಿ ನಲವತ್ತು ದಿನವಾಗಿತ್ತು. ಐದು ವರ್ಷದ ಹಿಂದೆ ಗಿದ್ಯೋನನ ತಮ್ಮ ರೂಬೇನ ಹೂಳೆತ್ತಲು ಊರ ಬಾವಿಗೆ ಇಳಿದಾಗ ಮೇಲೆ ಹಗ್ಗ ಹಿಡಿದಿದ್ದವನು ಈ ಎಲಿಷನೇ. ಬೀಡಿ ಹಚ್ಚಲೆಂದು ಒಂದು ಗಳಿಗೆ ಕೈ ಸಡಿಲಿಸಿದ. ರೂಬೇನ ಜೀವಂತ ಮೇಲೆ ಬರಲಿಲ್ಲ.

“ವೈರಿಯನ್ನೂ ಪ್ರೀತಿಸಬೇಕು ಅಂತ ಯೇಸುಸ್ವಾಮಿ ಹೇಳಿದ್ದಾರೆ. ನೀವೂ ದಿನಾ ಅದನ್ನೇ ಹೇಳ್ತೀರಿ,” ಎಂದ ಗಿದ್ಯೋನ. “ನಲವತ್ತು ದಿನ ಮೊಣಕಾಲೂರಿ ಬೇಡಿದೆ. ಎದೆಯೆಲ್ಲ ತಡಕಾಡಿದೆ. ಅವನ ಮೇಲೆ ಎಳ್ಳಷ್ಟೂ ಪ್ರೀತಿ ಸಿಗಲಿಲ್ಲ. ಅವನು ಉಣ್ಣೋದು ಕಂಡರೆ ನನಗೆ ತುತ್ತು ಇಳಿಯೋದಿಲ್ಲ. ಇನ್ನೂ ಇಲ್ಲೇ ಕೂತು ಕೀರ್ತನೆ ಹಾಡಿದರೆ ಅದು ಬರೀ ಸುಳ್ಳು.”

ಈಗ ಉಪದೇಶ ಶುರುವಾಗುತ್ತದೆ ಎಂದು ಅವನು ಹಲ್ಲು ಕಚ್ಚಿ ನಿಂತ. ಶುರುವಾಗಲಿಲ್ಲ.

“ಈಸ್ಟರ್ ಹತ್ತಿರ ಬಂತು, ಬಾವಿ ಹೂಳು ತೆಗೆದಿಲ್ಲ,” ಎಂದರು ಗುರುಗಳು. “ಅದೊಂದು ಕೆಲಸ ಮುಗಿಸಿಕೊಟ್ಟು ಹೋಗು.”

“ಇಳಿಯೋದು ಯಾರು?”

“ಎಲಿಷ.”

“ಹಗ್ಗ ಹಿಡಿಯೋದು?”

ಗುರುಗಳು ಗೂಟದಲ್ಲಿ ತೂಗುತ್ತಿದ್ದ ಹಗ್ಗದ ಸುರುಳಿ ತೆಗೆದು ಅವನ ಹೆಗಲಿಗೆ ಹಾಕಿದರು.

ಮುದುಕರಿಗೆ ತಲೆ ಕೆಟ್ಟಿದೆ ಎಂದು ನಿಮಗೆ ಅನ್ನಿಸಬಹುದು. ಗಿದ್ಯೋನನಿಗೂ ಹಾಗೇ ಅನ್ನಿಸಿತು.

ಬಾವಿಕಟ್ಟೆಯ ಹತ್ತಿರ ಎಲಿಷ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ.

“ಅಣ್ಣಾ, ಗಂಟು ಸರಿಯಿದೆಯಾ ಸ್ವಲ್ಪ ನೋಡ್ತೀಯಾ?”

“ನೀನೇ ನೋಡ್ಕೋ.”

ಎಲಿಷ ನೋಡಿಕೊಂಡ. ಮತ್ತೆ ತಲೆಯೆತ್ತಿ, “ಬೇರೆ ಯಾರಾದರೂ ಹಿಡೀಲಿ ಅಂತ ಅಯ್ಯನವರನ್ನ ಕೇಳಬಹುದಿತ್ತು. ನಾನು ಕೇಳಲಿಲ್ಲ,” ಎಂದ. ಗಿದ್ಯೋನ ಹಗ್ಗದ ಇನ್ನೊಂದು ತುದಿ ಕೈಗೆತ್ತಿಕೊಂಡ.

ಎಲಿಷ ಗೋಡೆಯ ಮೆಟ್ಟುಗಲ್ಲಿನ ಮೇಲೆ ಕಾಲಿಟ್ಟ.

ಗಿದ್ಯೋನ, ಜೊತೆಗೆ ಬಂದು ತುಸು ದೂರದ ಕಲ್ಲಿನ ಮೇಲೆ ಕೂತಿದ್ದ ಗುರುಗಳ ಕಡೆ ತಿರುಗಿದ. “ನಿಮಗೆ ಭಯ ಆಗ್ತಿಲ್ವಾ?”

“ಆಗ್ತಿದೆ. ಬಾಯೆಲ್ಲ ಒಣಗಿಹೋಗಿದೆ.”

“ಮತ್ಯಾಕೆ ನನ್ನ ಕೈಗೇ ಕೊಟ್ಟಿರಿ?”

“ಬಾವಿ ಕಡೆ ನೋಡು.”

ಎಲಿಷ ಒಂದೊಂದೇ ಕಲ್ಲು ಇಳಿಯುತ್ತಿದ್ದ. ಹಗ್ಗ ಅಂಗೈಯಲ್ಲಿ ಸರಸರನೆ ಜಾರುತ್ತಿತ್ತು. ಐದು ಆಳುದ್ದ, ಆರು ಆಳುದ್ದ. ಕೆಳಗೆ ಕತ್ತಲು.

ಒಂದು ಗಳಿಗೆ ಸಡಿಲಿಸಿದರೆ ಸಾಕು, ಅಂದುಕೊಂಡ ಗಿದ್ಯೋನ. ಕಲ್ಲು ಜಾರಿತು ಅಂತಾರೆ ಜನ. ಅಂದು ಇವನನ್ನು ಯಾರು ಏನು ಕೇಳಿದರು? ಅವ್ವ ಇವತ್ತಿಗೂ ರೂಬೇನನ ತಾಟನ್ನು ತೊಳೆದು ಬೋರಲು ಹಾಕ್ತಾಳೆ.

ಅವನ ಬೆರಳು ಸಡಿಲವಾದವು. ಇದನ್ನು ಮುಚ್ಚಿಡುವುದು ಬೇಡ, ನಿಜವಾಗಿಯೂ ಸಡಿಲವಾದವು.

ಅಷ್ಟರಲ್ಲೇ ಕೆಳಗೆ ಮೆಟ್ಟುಗಲ್ಲೊಂದು ಕಿತ್ತು ಬಂತು.

“ಅಣ್ಣಾ!”

ಹಗ್ಗ ಬುಸ್ಸೆಂದು ಓಡಿತು. ಗಿದ್ಯೋನ ಎರಡೂ ಮುಷ್ಟಿ ಬಿಗಿದ. ಹಗ್ಗ ಅಂಗೈಯ ಚರ್ಮವನ್ನು ಸುಲಿದುಕೊಂಡೇ ಹೋಯಿತು. ಅವನು ಕಟ್ಟೆಗೆ ಕಾಲು ಕೊಟ್ಟು, ಹಿಂದಕ್ಕೆ ಬಾಗಿ, ಚೀರಿದ. ಆದರೆ ಬಿಡಲಿಲ್ಲ. ಗುರುಗಳು ಎದ್ದು ಓಡಿಬಂದು ಹಗ್ಗದ ತುದಿಗೆ ಕೈ ಹಾಕುವಷ್ಟರಲ್ಲಿ ಅದು ನಿಂತಿತ್ತು.

ಇಬ್ಬರೂ ಸೇರಿ ಎಳೆದರು. ಹಗ್ಗದ ಮೇಲೆ ಗೇಣುಗೇಣಿಗೂ ರಕ್ತ ಅಂಟಿತ್ತು. ಮೇಲೆ ಬಂದ ಎಲಿಷ ಬಾವಿಕಟ್ಟೆಗೆ ಹಣೆ ಇಟ್ಟು ಬಿಕ್ಕಿಬಿಕ್ಕಿ ಅತ್ತ.

ಗಿದ್ಯೋನ ದೂರ ಹೋಗಿ ನೆಲದ ಮೇಲೆ ಕುಕ್ಕರಿಸಿದ. ಗುರುಗಳು ಕೊಬ್ಬರಿಎಣ್ಣೆ ಬಟ್ಟಲು ತಂದು ಅವನೆದುರು ಕೂತರು.

“ತಪ್ಪು ತಿಳೀಬೇಡಿ, ಅಯ್ಯನವರೇ,” ಎಂದ. “ಬಿಟ್ಟುಬಿಡೋಣ ಅಂತ ಅನ್ನಿಸಿತ್ತು ನನಗೆ. ಆಮೇಲೆ ಯಾಕೆ ಹಿಡಿದೆನೋ ಗೊತ್ತಿಲ್ಲ. ಎದೆಯಲ್ಲಿ ಈಗಲೂ ಏನೂ ಇಲ್ಲ. ಇದನ್ನ ಪ್ರೀತಿ ಅಂತ ಮಾತ್ರ ಅನ್ನಬೇಡಿ.”

“ಅನ್ನೋದಿಲ್ಲ.”

ಗುರುಗಳು ಅವನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದರು. ಹಸಿ ಮಾಂಸದ ಮೇಲೆ ಮೆಲ್ಲಗೆ ಎಣ್ಣೆ ಬಿಟ್ಟರು. ಗಿದ್ಯೋನ ಮುಖ ಹಿಂಡಿದ.

“ಹಾಗಾದರೆ ನಾನು ಹೋಗಲೋ, ಇರಲೋ? ಅದನ್ನಾದರೂ ಹೇಳಿ.”

ಗುರುಗಳು ಅವನ ಕೈ ಬಿಡದೆ ಹೇಳಿದರು:

“ಯೇಸುಸ್ವಾಮಿ ಸಾವಿನಿಂದ ಎದ್ದು ಬಂದ ದಿನ ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದರು. ಕಷ್ಟ ಬಂದಾಗ ಸ್ವಾಮಿಯನ್ನು ಬಿಟ್ಟು ಓಡಿದವರೇ ಅವರೆಲ್ಲ. ನಿಮ್ಮ ಮೇಲೆ ಪ್ರೀತಿ ಇದೆ ಅಂತ ಸ್ವಾಮಿ ಬಾಯಿಬಿಟ್ಟು ಹೇಳಲಿಲ್ಲ, ಮಗನೇ. ಶಿಲುಬೆಯ ಮೊಳೆ ತೂರಿದ ಅಂಗೈ ತೋರಿಸಿದರು.”