ಗೆರೆಯಾಚೆಯ ದನಿ

ನೇತ್ರಾವತಿ ನದಿಯ ದಂಡೆಯಲ್ಲಿ ಒಂದು ಮೈದಾನ. ಲಾದ್ರು ಮಾಸ್ತರು ಅಲ್ಲಿ ನಲವತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವರ ಹಳೆಯ ಶಿಷ್ಯೆ ಪ್ರಫುಲ್ಲ ಬಂದಳು. ಅವಳೀಗ ಒಂದು ಕಾಲೇಜು ತಂಡದ ಕೋಚ್. ಜೊತೆಯಲ್ಲಿ ಹದಿನೆಂಟರ ಹುಡುಗಿಯೊಬ್ಬಳು, ಹೆಗಲಿಗೆ ಚೀಲ.

"ಇವಳು ಗಂಗವ್ವ, ಗೋಕಾಕದ ಕಡೆಯವಳು" ಎಂದಳು ಪ್ರಫುಲ್ಲ. "ಅಲ್ಲಿ ಒಂದೇ ಟೂರ್ನಿಯಲ್ಲಿ ಹನ್ನೊಂದು ಗೋಲು ಹೊಡೆದಿದ್ದಳು. ನಾನೇ ಹೋಗಿ ಅಪ್ಪನನ್ನು ಒಪ್ಪಿಸಿ, ಕಾಲೇಜಿಗೆ ಸೇರಿಸಿದೆ. ಎಂಟು ತಿಂಗಳಾಯಿತು, ಒಂದೂ ಗೋಲಿಲ್ಲ. ಆಟ ಬಿಟ್ಟು ಊರಿಗೆ ಹೋಗುತ್ತೇನೆ ಅನ್ನುತ್ತಾಳೆ. ಸಂಜೆಯ ಬಸ್ಸಿಗೆ ಹೊರಟಿದ್ದಾಳೆ."

"ಹೀಗೆ ಬಿಟ್ಟು ಹೊರಟವಳು ಇವಳೊಬ್ಬಳೇಯಾ?"

ಪ್ರಫುಲ್ಲ ತಲೆ ತಗ್ಗಿಸಿದಳು. "ನಾಲ್ಕನೆಯವಳು, ಮಾಸ್ತರೇ."

ಮಾಸ್ತರು ಹುಡುಗಿಯ ಕಡೆ ತಿರುಗಿದರು. "ಆಟ ಬೇಡವಾ ಮಗಾ?"

"ಆಟ ಬೇಕ್ರಿ" ಎಂದಳು ಗಂಗವ್ವ. "ಆದ್ರ ಮೈದಾನಕ್ಕ ಇಳಿದ್ರ ಕಾಲು ಕಟ್ಟಿ ಹಾಕಿದಂಗ ಆಗತೈತ್ರಿ."

"ಇವತ್ತು ನಮ್ಮ ಹುಡುಗಿಯರದ್ದು ಒಂದು ಮ್ಯಾಚ್ ಉಂಟು. ಒಬ್ಬಳು ಕಡಿಮೆ. ಬಸ್ಸು ಸಂಜೆಗಲ್ಲವಾ, ಆಡಿ ಹೋಗು."

ಗಂಗವ್ವ ಪ್ರಫುಲ್ಲಳ ಮುಖ ನೋಡಿದಳು. ಪ್ರಫುಲ್ಲ ಹೂಂ ಎಂದ ಮೇಲೆಯೇ ಚೀಲ ಬಿಚ್ಚಿ ಬೂಟು ತೆಗೆದಳು.

ಅವಳು ಮೈದಾನಕ್ಕೆ ಹೋದ ಮೇಲೆ ಪ್ರಫುಲ್ಲ ಕೇಳಿದಳು. "ನನ್ನದೇನು ತಪ್ಪು ಮಾಸ್ತರೇ? ನೀವು ನನಗೆ ಕಲಿಸಿದ ಹಾಗೆಯೇ ಕಲಿಸಿದೆ. ಮೈದಾನದ ಗೆರೆಯಾಚೆ ನಿಂತು ಹೆಜ್ಜೆಹೆಜ್ಜೆಗೂ ಕೂಗಿದೆ. ನೀವು ಬೈದಂತೆಯೇ ಬೈದೆ, ಮಾತು ಕೂಡ ನಿಮ್ಮವೇ. ಆ ಬೈಗುಳ ತಿಂದೇ ಅಲ್ಲವಾ ನಾನು ರಾಜ್ಯ ತಂಡಕ್ಕೆ ಆಡಿದ್ದು?"

ಮಾಸ್ತರು ಒಂದು ಚೊಂಬು ನೀರು ತಂದು ಕೊಟ್ಟರು.

ಪ್ರಫುಲ್ಲ ಕುಡಿಯತೊಡಗಿದಳು.

"ನುಂಗಬೇಡ ಮಾರಾಯ್ತಿ. ಬಾಯಿ ತುಂಬ ಇಟ್ಟುಕೋ. ಅರ್ಧ ಆಟ ಮುಗಿಯುವವರೆಗೆ."

ಆಟ ಶುರುವಾಯಿತು. ಎರಡನೇ ನಿಮಿಷಕ್ಕೇ ಗಂಗವ್ವನ ಕಾಲಿನಿಂದ ಚೆಂಡು ಜಾರಿತು. ಪ್ರಫುಲ್ಲ ಗಟಗಟನೆ ನೀರು ನುಂಗಿ, "ಎಡಕ್ಕೆ! ಎಡಕ್ಕೆ ಹೋಗೇ!" ಎಂದು ಕೂಗಿದಳು.

ಮಾಸ್ತರು ಮತ್ತೆ ಚೊಂಬು ಕೊಟ್ಟರು.

ನಾಲ್ಕು ಸಲ ಹೀಗೆಯೇ ಆಯಿತು. ಐದನೇ ಸಲದ ನೀರು ಬಾಯಲ್ಲೇ ನಿಂತಿತು. ಕೂಗಲು ಆಗದ್ದರಿಂದ ಪ್ರಫುಲ್ಲ ಸುಮ್ಮನೆ ನೋಡುತ್ತ ನಿಂತಳು.

ಗಂಗವ್ವನ ಕಾಲಿಗೆ ಚೆಂಡು ಬಂತು. ಅವಳು ತಲೆಯೆತ್ತಿ ಗೆರೆಯ ಕಡೆ ನೋಡಿದಳು. ಅಷ್ಟರಲ್ಲಿ ಎದುರಾಳಿ ಚೆಂಡು ಕಸಿದುಕೊಂಡಳು.

ಮತ್ತೆ ಚೆಂಡು ಬಂತು. ಮತ್ತೆ ಗೆರೆಯ ಕಡೆ ನೋಡಿದಳು. ಮತ್ತೆ ಚೆಂಡು ಹೋಯಿತು.

ಅರ್ಧ ಆಟದ ವಿಶಲ್ ಕೇಳಿದ್ದೇ ಪ್ರಫುಲ್ಲ ನೀರು ಉಗುಳಿದಳು.

"ಮಾಸ್ತರೇ, ಅವಳು ಗೋಲು ನೋಡುವುದೇ ಇಲ್ಲ. ನನ್ನನ್ನು ನೋಡುತ್ತಾಳೆ!"

"ಎಂಟು ತಿಂಗಳಲ್ಲಿ ನಿನಗೆ ಕಾಣಲಿಲ್ಲವಾ?"

"ನಾನು ಕೂಗುತ್ತಿದ್ದೆನಲ್ಲ."

ಬಾಯಿ ಒರೆಸಿಕೊಂಡು ಅವಳೇ ಮತ್ತೆ ಕೇಳಿದಳು. "ಹಾಗಾದರೆ ನೀವು ನನಗೆ ಯಾಕೆ ಕೂಗುತ್ತಿದ್ದಿರಿ?"

"ನೀನು ಮೊಂಡಿ. ಬೈದರೆ ರೋಷ ಬರುತ್ತಿತ್ತು, ರೋಷ ಬಂದರೆ ಓಡುತ್ತಿದ್ದೆ. ಬಿಟ್ಟರೆ ಗೋಲುಕಂಬಕ್ಕೆ ಒರಗಿ ಗೋಲ್‌ಕೀಪರಿಗೆ ಸಿನಿಮಾ ಕತೆ ಹೇಳುತ್ತಿದ್ದೆ."

ಪ್ರಫುಲ್ಲಳಿಗೆ ನಗು ಬಂತು. ಮಾಸ್ತರು ನಗಲಿಲ್ಲ.

"ನಿನ್ನ ಕಾಲದಲ್ಲಿ ಐರಿನ್ ಅಂತ ಒಬ್ಬಳು ಬರುತ್ತಿದ್ದಳು. ನೆನಪುಂಟಾ?"

ಪ್ರಫುಲ್ಲ ಯೋಚಿಸಿದಳು. "ಇಲ್ಲ."

"ನಿನಗೆ ಹೇಗೆ ನೆನಪಿದ್ದೀತು, ಅವಳು ಬಂದದ್ದೇ ಹನ್ನೊಂದು ದಿನ. ನಿನಗಿಂತ ಒಳ್ಳೆಯ ಕಾಲು. ನಿನಗೆ ಬೈದ ಹಾಗೆಯೇ ಅವಳಿಗೂ ಬೈದೆ. ಹನ್ನೆರಡನೇ ದಿನ ಬರಲಿಲ್ಲ."

"ಈಗ ಎಲ್ಲಿದ್ದಾಳೆ?"

"ಇಲ್ಲೇ ಪೇಟೆಯಲ್ಲಿ ಹೊಲಿಗೆ ಅಂಗಡಿ. ನನ್ನ ಅಂಗಿಗಳನ್ನೆಲ್ಲ ಹೊಲಿಯುವುದು ಅವಳೇ. ಊರಿನ ಸುದ್ದಿ ಎಲ್ಲ ಮಾತಾಡುತ್ತೇವೆ. ಚೆಂಡಿನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ."

ಪ್ರಫುಲ್ಲ ಗಂಗವ್ವನ ಹತ್ತಿರ ಹೋದಳು. ಹುಡುಗಿ ಬೈಗುಳಕ್ಕೆ ತಯಾರಾಗಿ ಎದ್ದು ನಿಂತಳು.

"ಕೂತುಕೋ" ಎಂದು ಪ್ರಫುಲ್ಲ ತಾನೂ ಹುಲ್ಲಿನ ಮೇಲೆ ಕೂತಳು. "ನಾನು ಎಡಕ್ಕೆ ಅಂತ ಕೂಗುತ್ತೇನಲ್ಲ, ಆಗ ನಿನಗೆ ಏನು ಅನಿಸುತ್ತದೆ?"

ಗಂಗವ್ವ ಹುಲ್ಲು ಕೀಳುತ್ತ ಕೂತಳು. "ಖರೇನ ಹೇಳ್ಲೇನ್ರಿ?"

"ಹೇಳು."

"ನನಗ ಬಲಕ್ಕ ದಾರಿ ಕಾಣತಿರತೈತ್ರಿ. ಆದ್ರ ನೀವು ದೊಡ್ಡವರು, ರಾಜ್ಯಕ್ಕ ಆಡಿದವರು. ನನ್ನ ಕಣ್ಣ ತಪ್ಪಿರಬೇಕು ಅಂತ ನಿಂತು ಬಿಡತೀನ್ರಿ."

ಪ್ರಫುಲ್ಲ ಅವಳ ಭುಜವನ್ನೊಮ್ಮೆ ಒತ್ತಿ ಎದ್ದು ಬಂದಳು.

ಆಟ ಮತ್ತೆ ಶುರುವಾಗುವಾಗ ಮಾಸ್ತರು ಚೊಂಬು ಮುಂದೆ ಮಾಡಿದರು. ಪ್ರಫುಲ್ಲ ಬೇಡವೆಂದಳು. ಮೈದಾನಕ್ಕೆ ಬೆನ್ನು ಹಾಕಿ, ಹೊಳೆಗೆ ಮುಖ ಮಾಡಿ ಕೂತುಬಿಟ್ಟಳು.

ಚೆಂಡು ಬಂದಾಗ ಗಂಗವ್ವ ಗೆರೆಯ ಕಡೆ ನೋಡಿದಳು. ಕಂಡದ್ದು ಮೇಡಂ ಅವರ ಬೆನ್ನು. ಇನ್ನೊಮ್ಮೆ ನೋಡಿದಳು, ಆಗಲೂ ಬೆನ್ನೇ. ಆಮೇಲೆ ನೋಡಲಿಲ್ಲ.

ಹಿಂದಿನಿಂದ ಜೋರಾಗಿ ಬೊಬ್ಬೆ ಕೇಳಿತು. ಪ್ರಫುಲ್ಲ ಎರಡೂ ಕೈಯಿಂದ ಹುಲ್ಲು ಹಿಡಿದುಕೊಂಡು ಕೂತಲ್ಲಿಂದಲೇ ಕೇಳಿದಳು, "ಗೋಲಾಯಿತಾ ಮಾಸ್ತರೇ?"

"ಇಲ್ಲ. ಕಂಬಕ್ಕೆ ಬಡಿಯಿತು."

"ಬೇಜಾರು ಮಾಡಿಕೊಂಡಳಾ?"

"ಇಲ್ಲ. ಕಂಬಕ್ಕೆ ಒಂದು ಒದ್ದು ಬಂದಳು."

ಮತ್ತಷ್ಟು ಹೊತ್ತು ಕಳೆಯಿತು. ಇನ್ನೊಂದು ಬೊಬ್ಬೆ, ಮೊದಲಿಗಿಂತ ಜೋರು.

"ಈಗ ತಿರುಗು" ಎಂದರು ಮಾಸ್ತರು.

ಗಂಗವ್ವ ಗೋಲಿನ ಮುಂದೆ ಮಣ್ಣಲ್ಲಿ ಅಂಗಾತ ಬಿದ್ದಿದ್ದಳು. ಅವಳ ಮೇಲೆ ಹೆಸರೂ ತಿಳಿಯದ ಐದಾರು ಹುಡುಗಿಯರು ಬಿದ್ದಿದ್ದರು. ಅವಳು ನಗುತ್ತಿದ್ದಳು. ಆ ಹುಡುಗಿ ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ಪ್ರಫುಲ್ಲಳಿಗೆ ಗೊತ್ತೇ ಇರಲಿಲ್ಲ.

ಆಟ ಮುಗಿದ ಮೇಲೆ ಎಲ್ಲರಿಗೂ ಗಂಜಿ, ಉಪ್ಪಿನಕಾಯಿ. ಗಂಗವ್ವ ಎರಡು ಸಲ ಬಡಿಸಿಕೊಂಡಳು. ಬಟ್ಟಲು ತೊಳೆದಿಟ್ಟು ಬಂದು, ಬೇರೆಲ್ಲೋ ನೋಡುತ್ತ ಕೇಳಿದಳು.

"ಮೇಡಂ, ನಾಳಿ ಪ್ರಾಕ್ಟೀಸ್ ಎಷ್ಟಕ್ಕರಿ?"

"ಆರಕ್ಕೆ" ಎಂದಳು ಪ್ರಫುಲ್ಲ.

ಹೊರಡುವಾಗ ಪ್ರಫುಲ್ಲ ಮಾಸ್ತರ ಕಾಲಿಗೆರಗಿದಳು.

"ಜೂನ್ ತಿಂಗಳಿಗೆ ಇನ್ನೂ ಆರು ಮಂದಿ ಸೇರುತ್ತಾರೆ ಮಾಸ್ತರೇ. ಯಾರಿಗೆ ಬೈಯಬೇಕು, ಯಾರಿಗೆ ಬೆನ್ನು ಹಾಕಿ ಕೂರಬೇಕು? ಮೊದಲೇ ತಿಳಿಯುವುದು ಹೇಗೆ? ನಿಮಗಾದರೆ ನಲವತ್ತು ವರ್ಷದ ಅನುಭವ."

ಮಾಸ್ತರು ಮೈದಾನದ ಕಡೆ ನೋಡುತ್ತ ಹೇಳಿದರು.

"ಹೊಸ ಹುಡುಗಿಯೊಬ್ಬಳು ಬಂದು ನಿಂತಾಗಲೆಲ್ಲ, ಈ ಮೈದಾನಕ್ಕೆ ಹೊಸಬ ನಾನು, ಪ್ರಫುಲ್ಲ."